ಹೂಂ ಅನ್ನದವಳು

ಆ ಊರಿಗೆ ರಾಜನಿರಲಿಲ್ಲ, ರಾಜನ ಕಥೆಯಿತ್ತು. ಕಥೆ ಇರುವಾಗ ರಾಜ ಬೇರೆ ಯಾಕೆ ಎಂದು ಊರಿನವರು ನೆಮ್ಮದಿಯಾಗಿದ್ದರು.

ಕಥೆಯನ್ನು ಮೊದಲು ಹೇಳಿದವಳು ಒಬ್ಬ ಮುದುಕಿ. ಅವಳನ್ನು ಮೊದಲಜ್ಜಿ ಎನ್ನುತ್ತಿದ್ದರು. ದೂರದಿಂದ ಒಬ್ಬ ರಾಜ ಬಿಳಿ ಕುದುರೆಯ ಮೇಲೆ ಈ ಊರಿಗೇ ಹೊರಟಿದ್ದಾನೆ, ಅವನಿಗೆ ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ, ಅಳುವವರನ್ನು ಕಂಡರೆ ಕುದುರೆಯಿಂದ ಇಳಿಯುತ್ತಾನೆ ಎಂದು ಅವಳು ಹೇಳಿದಳು. ರಾಜ ಊರಬಾಗಿಲಿಗೆ ಬಂದ, ಒಂದು ಕಾಲು ಒಳಗಿಟ್ಟ ಎನ್ನುವಲ್ಲಿಗೆ ಅಜ್ಜಿಯ ಉಸಿರು ನಿಂತುಹೋಯಿತು. ಇನ್ನೊಂದು ಕಾಲು ಎಲ್ಲಿಟ್ಟ ಎಂದು ಹೇಳುವ ಕೆಲಸ ಅವಳ ಮಕ್ಕಳಿಗೆ ಬಂತು, ಮಕ್ಕಳ ಮಕ್ಕಳಿಗೆ ಬಂತು. ಅವರು ಕಥೆಯನ್ನು ಮುಂದುವರಿಸುತ್ತಾ ಹೋದರು. ಅವರಿಗೆ ಕಥೆಯವರು ಎಂದೇ ಹೆಸರಾಯಿತು.

ಊರಿನ ನಿಯಮ ಹೀಗಿತ್ತು. ಅನ್ಯಾಯವಾದವರು ಕಥೆಕಟ್ಟೆಗೆ ಬಂದು ದೂರು ಹೇಳಬೇಕು. ಕಥೆಯವರು ಕಟ್ಟೆಯ ಮೇಲೆ ರಾಜನಿಗೊಂದು ಚಾಪೆ ಹಾಸಿ, ಕಥೆಗೆ ಹೊಸದೊಂದು ತುಂಡು ಸೇರಿಸುತ್ತಾರೆ. ಅದರಲ್ಲಿ ಅದೇ ದೂರು ರಾಜನ ಮುಂದೆ ಬರುತ್ತದೆ. ರಾಜ ಏನು ಹೇಳುತ್ತಾನೋ ಅದೇ ನ್ಯಾಯ. ಮಕ್ಕಳಿಗೆ ಕಥೆ ಹೇಳುವಾಗ ಮಗು ಹೂಂ ಹೂಂ ಅನ್ನುವ ಹಾಗೆ, ದೂರು ತಂದವರು ಒಂದೊಂದು ಮಾತಿಗೂ ಹೂಂ ಅನ್ನಬೇಕು. ಹೂಂ ಬೀಳದೆ ಕಥೆ ಮುಂದಕ್ಕೆ ಹೋಗುವಂತಿಲ್ಲ. ಕೊನೆಯ ಹೂಂ ಬಿದ್ದ ಮೇಲೆ ಆ ದೂರು ಸತ್ತಂತೆ. ಮತ್ತೆ ಯಾರೂ ಅದನ್ನು ಎತ್ತುವಂತಿಲ್ಲ. ರಾಜನೇ ನ್ಯಾಯ ಕೊಟ್ಟಾದ ಮೇಲೆ ಇನ್ನೇನು ಎತ್ತುವುದು?

ಊರಿನ ನಡುವೆ ಕಣಜವಿತ್ತು. ರಾಜ ಬಂದಾಗ ಉಣ್ಣಲು ಬೇಕಲ್ಲ ಎಂದು ಊರಿನ ಬೆಳೆಯ ಬಹುಪಾಲು ಅಲ್ಲಿಗೆ ಹೋಗುತ್ತಿತ್ತು. ಅದರ ಬಾಗಿಲು ಕಬ್ಬಿಣದ್ದು. ಬೀಗ ತೆಂಗಿನಕಾಯಿಯಷ್ಟು ದಪ್ಪ. ಬೀಗದ ಕೈ ಕಣಜದ ಯಜಮಾನನ ಸೊಂಟದಲ್ಲಿ. ಸುಗ್ಗಿ ಮುಗಿಯುತ್ತಿದ್ದಂತೆ ಯಜಮಾನ ರಾಜನ ಹೆಸರಲ್ಲಿ ಕರೆ ಕಳಿಸುತ್ತಿದ್ದ. ಕಾಳು ಹಸನು ಮಾಡಲು, ಹಿಟ್ಟು ಬೀಸಲು, ಚೀಲ ಹೊಲಿಯಲು ಕೈಗಳು ಬೇಕು. ಎಳೆಯ ಕೈಗಳಾದರೆ ಒಳ್ಳೆಯದು. ಮುಂದಿನ ಬಿತ್ತನೆಯವರೆಗೆ ಮಾತ್ರ. ಹೀಗೆ ಹೋದವರು ಯಾವ ಬಿತ್ತನೆಗೂ ಹೊರಗೆ ಬರುತ್ತಿರಲಿಲ್ಲ.

ಆ ಬಾಗಿಲಿಗೆ ಕಾವಲುಗಾರನಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ನೆಟ್ಟಗೆ ಕಥೆಕಟ್ಟೆಗೆ ಬರುತ್ತಿದ್ದರು. ಕಥೆಯಲ್ಲಿ ರಾಜ ಕಣಜದ ಮುಂದೆ ನಿಂತು ಕೈ ಎತ್ತುತ್ತಿದ್ದ, ಬಾಗಿಲು ತೆರೆಯುತ್ತಿತ್ತು, ಮಗ ಓಡಿ ಬಂದು ತಾಯಿಯನ್ನು ತಬ್ಬಿಕೊಳ್ಳುತ್ತಿದ್ದ. ನೆರೆದ ಊರೆಲ್ಲ ಕಣ್ಣೊರೆಸಿಕೊಳ್ಳುತ್ತಿತ್ತು. ತಾಯಿ ಬಿಕ್ಕುತ್ತಾ ಹೂಂ ಅನ್ನುತ್ತಿದ್ದಳು. ಆಮೇಲೆ ಮನೆಗೆ ಹೋಗಿ ಮಗನಿಗೂ ಒಂದು ಎಲೆ ಹಾಕುತ್ತಿದ್ದಳು.

ಎಲೆ ಹಾಕುವುದು ಆ ಊರಿನ ಪದ್ಧತಿ. ಕಥೆಯಲ್ಲಿ ಮಗ ಬಂದಾಗಿದೆ, ಬಂದವನಿಗೆ ಬಡಿಸದೆ ಇರುವುದು ಹೇಗೆ? ಎಲೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, "ಇನ್ನೊಂಚೂರು ಹಾಕ್ಲಾ?" ಎಂದು ಕೇಳುತ್ತಿದ್ದರು. ಉಳಿದವರೆಲ್ಲ ಉಂಡೆದ್ದ ಮೇಲೆ ಆ ಎಲೆಯನ್ನು ಹಾಗೇ ಎತ್ತಿ ಹಸುವಿಗೆ ಹಾಕುತ್ತಿದ್ದರು. ಎಲೆಯ ಮುಂದೆ ಯಾರೂ ಇಲ್ಲ ಎಂದು ಮಾತ್ರ ಹೇಳುವಂತಿರಲಿಲ್ಲ. ಹೇಳಿದರೆ ರಾಜ ಸುಳ್ಳುಗಾರನಾಗುತ್ತಾನೆ, ರಾಜನಿಗೆ ಸುಳ್ಳು ಗೊತ್ತಿಲ್ಲ. ಅಂಥ ಎಲೆ ಬೀಳದ ಮನೆಗಳು ಆ ಊರಿನಲ್ಲಿ ಕಡಿಮೆ. ಊರಿನ ಹಸುಗಳು ಮಾತ್ರ ಚೆನ್ನಾಗಿ ಮೈತುಂಬಿಕೊಂಡಿದ್ದವು.

ಚಾಪೆ ಹೆಣೆಯುವವಳು ಅಂಥದೊಂದು ಎಲೆಯ ಪಕ್ಕದಲ್ಲೇ ಕೂತು, ಉಂಡು ಬೆಳೆದವಳು. ಅದು ಅವಳ ಅಣ್ಣನ ಎಲೆ. ಅಣ್ಣ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಉದ್ದಕ್ಕೂ ಓಡುತ್ತಿದ್ದ. ಅವನನ್ನು ಕಣಜಕ್ಕೆ ಕರೆದುಕೊಂಡು ಹೋದಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವ್ವ ಕಟ್ಟೆಗೆ ಹೋದಳು, ಅತ್ತಳು, ಹೂಂ ಅಂದು ಬಂದಳು.

"ನಿಮ್ಮಣ್ಣ ಬಂದ ಕಣೇ," ಎಂದಳು ಅವ್ವ, ಎಲೆ ಹಾಕುತ್ತಾ.

"ಎಲ್ಲವ್ವಾ?" ಎಂದು ಅವಳು ಬಾಗಿಲ ಕಡೆ ನೋಡಿದಳು.

ಅವ್ವ ಅವಳ ಬಾಯಿಯ ಮೇಲೆ ಹೊಡೆದಳು. ಅದಕ್ಕೆ ಮೊದಲೂ ಅವ್ವ ಹೊಡೆದಿರಲಿಲ್ಲ, ಆಮೇಲೂ ಹೊಡೆಯಲಿಲ್ಲ. ಸಾಯುವವರೆಗೂ ಆ ಎಲೆಗೆ ಬಡಿಸುತ್ತಲೇ ಇದ್ದಳು. "ಯಾಕೋ ನಿಮ್ಮಣ್ಣ ಇವತ್ತು ಸರಿಯಾಗಿ ಉಣ್ಣಲಿಲ್ಲ" ಎಂದು ಕೊರಗುತ್ತಿದ್ದಳು. ಅವ್ವ ಸತ್ತ ದಿನ ಚಾಪೆಯವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಚಾಪೆ ಹೆಣೆಯುತ್ತಾ ಕೂತಳು. ಕೈಯಲ್ಲಿ ಸಿಟ್ಟಿದ್ದುದರಿಂದ ಅವಳ ಚಾಪೆಗಳು ಗಟ್ಟಿಯಾಗಿರುತ್ತಿದ್ದವು. ಕಟ್ಟೆಯ ಮೇಲೆ ರಾಜನಿಗೆಂದು ಹಾಸುತ್ತಿದ್ದುದೂ ಅವಳ ಚಾಪೆಯೇ.

ಈಗ ಅವಳ ಮಗಳನ್ನು ಕರೆದುಕೊಂಡು ಹೋಗಿದ್ದರು. ಬಿತ್ತನೆ ಆಯಿತು, ಪೈರು ಮೊಣಕಾಲೆತ್ತರಕ್ಕೆ ಬಂತು, ಮಗಳು ಬರಲಿಲ್ಲ. ಆಗ ಅವಳು ಆ ಊರಿನಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಕಟ್ಟೆಗೆ ಹೋಗದೆ ಕಣಜಕ್ಕೇ ಹೋಗಿ ಬಾಗಿಲು ಬಡಿದಳು.

ಯಜಮಾನ ಪಕ್ಕದ ತನ್ನ ಮನೆಯ ಮೇಲಿನ ಕಿಟಕಿಯಿಂದ ಇಣುಕಿದ. ಅವನು ಒರಟನಲ್ಲ. ಯಾರ ಮೇಲೂ ದನಿ ಎತ್ತಿದವನಲ್ಲ.

"ಏನಮ್ಮಾ, ದಾರಿ ತಪ್ಪಿ ಬಂದ್ಯಾ? ನ್ಯಾಯ ಬೇಕಾದ್ರೆ ಕಟ್ಟೆ ಆ ಕಡೆ ಇದೆ."

"ನನಗೆ ನ್ಯಾಯ ಬೇಡ ಯಜಮಾನ್ರೇ. ಮಗಳು ಬೇಕು."

"ಎರಡೂ ಕಟ್ಟೇಲೇ ಸಿಗೋದಮ್ಮ," ಎಂದು ಅವನು ಕಿಟಕಿ ಮುಚ್ಚಿದ.

ಅಂಗೈ ಊದುವವರೆಗೂ ಬಡಿದಳು. ಬೀದಿಯಲ್ಲಿ ಹೋಗುವವರು, ಇವಳಿಗೇನು ತಲೆ ಕೆಟ್ಟಿದೆಯೇ ಎಂಬಂತೆ ನೋಡಿ ಮುಂದೆ ಹೋದರು. ಕೊನೆಗೆ ಅವಳು ಕಟ್ಟೆಗೇ ಬಂದಳು. ಬೇರೆ ಎಲ್ಲಿಗೆ ಹೋಗುತ್ತಾಳೆ?

ಕಥೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕೆಟ್ಟವರಲ್ಲ, ಅದೇ ಹೊಟ್ಟೆ ಉರಿಸುವ ವಿಷಯ. ರಾಜನನ್ನು ಅವರಷ್ಟು ಪ್ರೀತಿಸಿದವರಿಲ್ಲ. ಮೊದಲಜ್ಜಿ ಹೇಳದೆ ಬಿಟ್ಟದ್ದನ್ನು ಹೇಳಬಹುದು, ಹೇಳಿದ್ದನ್ನು ಮೀರುವಂತಿಲ್ಲ ಎನ್ನುವುದು ಅವರ ವ್ರತ. ರಾಜನ ನ್ಯಾಯಸಭೆಯನ್ನು ಅವರು ತಲೆತಲಾಂತರದಿಂದ ಕಟ್ಟುತ್ತಲೇ ಇದ್ದರು. ದೂರಿನ ಗಂಟೆ ಯಾವ ಲೋಹದ್ದು, ಸಾಕ್ಷಿ ಹೇಳುವವನು ಯಾವ ಕೈ ಎತ್ತಬೇಕು, ಧಣಿಯೂ ಆಳೂ ಒಟ್ಟಿಗೆ ಬಂದರೆ ಯಾರು ಮೊದಲು ಬಾಯಿ ಬಿಡಬೇಕು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ರಾಜನ ಪೇಟದ ಬಣ್ಣದ ಮೇಲೆ ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಅವರಲ್ಲಿದ್ದರು. ಒಮ್ಮೆ ಒಬ್ಬ ಕಥೆಯವನು ಹೇಳುವ ಭರದಲ್ಲಿ "ರಾಜ ಹುಬ್ಬು ಗಂಟಿಕ್ಕಿದ" ಎಂದುಬಿಟ್ಟ. ನಮ್ಮ ರಾಜ ಅಂಥವನಲ್ಲ, ಅವನಿಗೆ ಸಿಟ್ಟು ಬರುವುದುಂಟೇ ಎಂದು ಅವನನ್ನು ಕಟ್ಟೆಯಿಂದ ಇಳಿಸಿ, ಮೂಲೆಯಲ್ಲಿ ಕೂರಿಸಿದರು. ಇಷ್ಟೆಲ್ಲ ಯೋಚಿಸಿದವರು ಒಂದೇ ಒಂದು ವಿಷಯ ಯೋಚಿಸಿರಲಿಲ್ಲ. ಚಾಪೆಯವಳು ಕೇಳುವವರೆಗೂ ಅವರಿಗೆ ಅದು ಗೊತ್ತೂ ಇರಲಿಲ್ಲ.

ಹಿರಿಯ ಕಥೆಯವನು ಚಾಪೆ ಹಾಸಿ, ಕಣ್ಣು ಮುಚ್ಚಿ ಶುರು ಮಾಡಿದ. ಊರೆಲ್ಲ ಸುತ್ತ ಕೂತಿತ್ತು. ಮುಂದಿನ ಸಾಲಿನಲ್ಲಿ ಕಣಜದ ಯಜಮಾನ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಕಥೆ ಕೇಳುವುದೆಂದರೆ ಅವನಿಗೆ ಬಹಳ ಇಷ್ಟ.

"ರಾಜ ಕಣಜದ ಬೀದಿಗೆ ಬಂದ."

"ಹೂಂ," ಎಂದಳು ಚಾಪೆಯವಳು.

"ಮುಂದೆ ಬೆತ್ತದವರು, ಹಿಂದೆ ಪರಿವಾರ."

"ಹೂಂ."

"ಬೀದಿಯಲ್ಲಿ ಒಬ್ಬ ತಾಯಿ ಅಳುತ್ತಿದ್ದಳು. ರಾಜ ಕುದುರೆಯಿಂದ ಇಳಿದ. ಬೆತ್ತದವರನ್ನು ಪಕ್ಕಕ್ಕೆ ಸರಿಸಿ, ತನ್ನ ಕೈಯಾರೆ ಅವಳ ಕಣ್ಣೀರೊರೆಸಿದ."

ಜನ ಆಗಲೇ ಮೂಗು ಎಳೆಯತೊಡಗಿದ್ದರು. ಯಜಮಾನನ ಕಣ್ಣೂ ತೇವವಾಗಿತ್ತು. ಚಾಪೆಯವಳ ಕಣ್ಣು ಒಣಗಿತ್ತು. ಆದರೂ ಹೂಂ ಅಂದಳು.

"ಕಬ್ಬಿಣದ ಬಾಗಿಲ ಮುಂದೆ ನಿಂತು ರಾಜ ಕೈ ಎತ್ತಿದ."

"ಹೂಂ."

"ಬಾಗಿಲು ತೆರೆಯಿತು."

ಹೂಂ ಬರಲಿಲ್ಲ.

ಹಿರಿಯ ಕಥೆಯವನು ಒಂದು ಕಣ್ಣು ತೆರೆದ. "ಬಾಗಿಲು ತೆರೆಯಿತು, ತಾಯಿ."

"ಯಾರು ತೆಗೆದ್ರು ಸ್ವಾಮಿ?"

"ರಾಜ ಕೈ ಎತ್ತಿದ ಅಂದೆನಲ್ಲ."

"ಕೈ ಎತ್ತಿದ್ರೆ ಬೀಗ ಕಳಚತ್ತಾ? ಬೀಗದ ಕೈ ಯಜಮಾನ್ರ ಸೊಂಟದಲ್ಲಿದೆ. ರಾಜ ಅದನ್ನ ಕೇಳಿದ್ನಾ, ಕಿತ್ಕೊಂಡ್ನಾ? ಕೊಡಲ್ಲ ಅಂದಿದ್ರೆ ಏನು ಮಾಡ್ತಿದ್ದ? ಅದೊಂದು ಹೇಳಿ, ಹೂಂ ಅಂತೀನಿ."

ಕಥೆಯವರು ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು. ರಾಜ ಕಿತ್ತುಕೊಳ್ಳುವವನಲ್ಲ, ಕಿತ್ತುಕೊಳ್ಳಲು ಸಿಟ್ಟು ಬೇಕು. ಬೇಡುವವನೂ ಅಲ್ಲ, ರಾಜ ಬೇಡಿದರೆ ರಾಜನಾಗಿ ಉಳಿಯುತ್ತಾನೆಯೇ? ಅಜ್ಜಿ ಈ ಬಗ್ಗೆ ಏನೂ ಹೇಳಿ ಹೋಗಿರಲಿಲ್ಲ. ಅವರ ಪೇಚಾಟ ನೋಡಿ ಯಜಮಾನನಿಗೇ ಕನಿಕರ ಬಂತು. "ನಾನೇ ತೆಗೆದೆ ಅಂತ ಹೇಳಿಬಿಡಿ, ನನ್ನದೇನೂ ಅಡ್ಡಿಯಿಲ್ಲ," ಎಂದು ಉದಾರವಾಗಿ ನಕ್ಕ. ಎಂಥ ದೊಡ್ಡ ಮನಸ್ಸು ಎಂದು ಜನ ತಲೆದೂಗಿದರು.

"ರಾಜನನ್ನು ಕಂಡದ್ದೇ ಯಜಮಾನನ ಮನಸ್ಸು ಕರಗಿತು," ಎಂದ ಹಿರಿಯ ಕಥೆಯವನು. "ತಾನೇ ಬೀಗ ತೆಗೆದ."

ಚಾಪೆಯವಳು ಯಜಮಾನನ ಕಡೆ ತಿರುಗಿದಳು. "ತೆಗೆದ್ರಾ?"

"ಕಥೆಯಲ್ಲಿ ತೆಗೆದೆನಲ್ಲಮ್ಮ."

"ಹಾಗಾದ್ರೆ ಕಥೆಯಲ್ಲಿರೋ ತಾಯಿ ಹತ್ರ ಹೂಂ ಅನ್ನಿಸ್ಕೊಳ್ಳಿ. ನಾನು ಅನ್ನಲ್ಲ."

ಹಾಗೆಂದು ಎದ್ದು ಮನೆಗೆ ಹೋದಳು. ಕಟ್ಟೆ ಕಟ್ಟಿದ ಮೇಲೆ ಹೂಂ ಅನ್ನದೆ ಎದ್ದುಹೋದವರು ಅವಳ ತನಕ ಯಾರೂ ಇರಲಿಲ್ಲ.

ರಾಜ ಕೈ ಎತ್ತಿಕೊಂಡು ಅಲ್ಲೇ ನಿಂತ. ರಾಜ ಇರುವವನು ಒಬ್ಬನೇ. ಒಂದು ಬಾಗಿಲ ಮುಂದೆ ನಿಂತಿರುವವನು ಇನ್ನೊಂದು ಬಾಗಿಲಿಗೆ ಹೋಗುವಂತಿಲ್ಲ. ಹಾಗಾಗಿ ಊರಿನ ದೂರುಗಳೆಲ್ಲ ನಿಂತುಹೋದವು. ಮೇಕೆ ಕಳೆದುಕೊಂಡವನು ಕಾಯುತ್ತಾ ಕೂತ. ತಮ್ಮ ಬಾವಿಗೆ ಬೇರೆಯವರು ಬೇಲಿ ಹಾಕಿದರೆಂದು ದೂರು ತಂದವರು ಕಾಯುತ್ತಾ ಕೂತರು. ಹೊಸ ಸುಗ್ಗಿ ಹತ್ತಿರ ಬಂತು. ರಾಜನೇ ಕಣಜದ ಮುಂದೆ ನಿಂತಿರುವಾಗ ರಾಜನ ಹೆಸರಲ್ಲಿ ಕಣಜಕ್ಕೆ ಕರೆ ಕಳಿಸುವುದು ಹೇಗೆ? ಯಜಮಾನನಿಗೂ ಕೈ ಕಟ್ಟಿಹಾಕಿದಂತಾಯಿತು.

ಊರು ಸಿಟ್ಟಾಯಿತು. ನೋಡಿ, ಇದು ಆ ಊರಿನ ಸಿಟ್ಟು. ಮಕ್ಕಳನ್ನು ಕಿತ್ತುಕೊಂಡಾಗ ಬರದ ಸಿಟ್ಟು, ಹಸುಗಳಿಗೆ ಮಕ್ಕಳ ತುತ್ತು ಹಾಕುವಾಗ ಬರದ ಸಿಟ್ಟು, ಒಬ್ಬ ಹೆಂಗಸು ಹೂಂ ಅನ್ನದಿದ್ದಾಗ ಭುಗ್ಗೆಂದು ಬಂತು. ಅವಳಿಗೆ ಜೊಂಡು ಮಾರುವವರಿಲ್ಲವಾದರು. ಒಲೆಗೆ ಕೆಂಡ ಕೊಡುವವರಿಲ್ಲವಾದರು. ಅವಳು ಬಾವಿಗೆ ಬಂದರೆ ಹಗ್ಗ ಎಳೆದುಕೊಂಡು ಹೋಗುತ್ತಿದ್ದರು. ರಾಜನ ಕೈ ನೋಯುತ್ತಿದೆ, ಪಾಪ ಎಂದು ಮುದುಕಿಯರು ಅವಳಿಗೆ ಕೇಳುವಂತೆ ಗೊಣಗುತ್ತಿದ್ದರು.

ಪಕ್ಕದ ಮನೆಯ ಗಾಣದವಳು ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತಳು. ಅವಳ ಮನೆಯಲ್ಲೂ ಮಗನ ಎಲೆ ಬೀಳುತ್ತಿತ್ತು.

"ಅಕ್ಕಾ, ಒಂದು ಹೂಂ ಅಂದ್ರೆ ನಿನ್ನ ಗಂಟೇನು ಹೋಗತ್ತೆ?"

"ನನ್ನ ಮಗಳು ಹೋಗ್ತಾಳೆ."

"ಹೋಗೋದ್ಯಾಕೆ, ಬರ್ತಾಳೆ. ನಮ್ಮನೇಗೆ ನಮ್ಮ ಹುಡುಗ ಬರಲಿಲ್ವಾ?"

"ಬಂದಿದಾನಾ?" ಎಂದಳು ಚಾಪೆಯವಳು. "ಎಷ್ಟೆತ್ತರ ಆಗಿದಾನೆ?"

ಗಾಣದವಳು ಕೈಯಲ್ಲಿದ್ದ ಎಣ್ಣೆಯ ಕುಡಿಕೆಯನ್ನು ಗೋಡೆಗೆ ಎಸೆದು, "ನಿನ್ನ ನಾಲಗೆ ಬಿದ್ದುಹೋಗ" ಎಂದು ಶಾಪ ಹಾಕಿ ಓಡಿಹೋದಳು. ಗೋಡೆಯಿಂದ ಎಣ್ಣೆ ಇಳಿಯುವುದನ್ನು ಚಾಪೆಯವಳು ನೋಡುತ್ತಾ ಕೂತಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವ್ವ ಹೊಡೆದ ಏಟು ನೆನಪಾಯಿತು.

ಕಥೆಯವರೂ ಬಂದರು. ಬರಿಗೈಲಿ ಬರಲಿಲ್ಲ, ಇನ್ನೂ ಚಂದದ ಮುಕ್ತಾಯಗಳನ್ನು ತಂದರು. ರಾಜ ಮಗಳಿಗೆ ಚಿನ್ನದ ಬಳೆ ತೊಡಿಸಿದರೆ ಆಗದೇ? ಆನೆಯ ಮೇಲೆ ಕೂರಿಸಿ ಮನೆಯವರೆಗೆ ಕಳಿಸಿದರೆ? ಯಜಮಾನ ಎಲ್ಲರ ಮುಂದೆ ತಲೆ ಬಾಗಿದರೆ?

"ಸ್ವಾಮಿ, ನಿಮ್ಮ ರಾಜನಿಗೆ ಒಂದ್ಸಲ ಸಿಟ್ಟು ಬರಿಸಿ ನೋಡೋಣ," ಎಂದಳು ಅವಳು. "ಒಂದೇ ಒಂದ್ಸಲ. ಒದ್ದು ಬಾಗಿಲು ಮುರೀಲಿ."

"ಹಾಗೆ ಮಾಡಿದ್ರೆ ಅವನು ನಮ್ಮ ರಾಜನೇ ಅಲ್ಲ ತಾಯಿ," ಎಂದ ಹಿರಿಯ ಕಥೆಯವನು.

"ಹಾಗಾದ್ರೆ ನಿಮ್ಮ ರಾಜನ್ನ ನೀವೇ ಇಟ್ಕೊಳ್ಳಿ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಇಷ್ಟಾದರೂ ಅವಳು ಕಲ್ಲಲ್ಲ. ಒಂದು ದಿನ ಮುದ್ದೆ ಕಟ್ಟುವಾಗ ಕೈ ತಾನಾಗಿ ಎರಡು ಕಟ್ಟಿತು. ಎರಡು ಎಲೆ ಹಾಕಿತು. ಮಗಳಿಗೆ ಇಷ್ಟವೆಂದು ಸಾರಿನ ಬುಡದ ಕಾಳನ್ನು ಆ ಎಲೆಗೆ ಹಾಕಿತು. ಎಲೆಯ ಮುಂದೆ ಕೂತಾಗ ಎದೆ ಒಂದು ಗಳಿಗೆ ಹಗುರಾಯಿತು. ಎಷ್ಟು ಸುಲಭವಾಗಿತ್ತು! ಒಂದು ಹೂಂ ಅಂದರೆ ಜೊಂಡು ಸಿಗುತ್ತದೆ, ಕೆಂಡ ಸಿಗುತ್ತದೆ, ಮಗಳೂ ಬಂದಂತಾಗುತ್ತದೆ. "ಇನ್ನೊಂಚೂರು..." ಎಂದು ಬಾಯಿ ತೆರೆದವಳು ತನ್ನ ದನಿಯಲ್ಲಿ ಅವ್ವನ ದನಿ ಕೇಳಿ ಬೆಚ್ಚಿದಳು. ಎಲೆಯನ್ನು ಹರಿದು ಚೂರು ಚೂರು ಮಾಡಿದಳು. ಎರಡೂ ಮುದ್ದೆಗಳನ್ನು ತಾನೇ ಉಂಡಳು, ಅಳುತ್ತಾ ಉಂಡಳು, ಹಸುವಿಗೆ ಒಂದು ತುತ್ತನ್ನೂ ಬಿಡಲಿಲ್ಲ.

ಕೊನೆಗೆ ಉಪಾಯ ಹೇಳಿದವನು ಮೂಲೆಯಲ್ಲಿ ಕೂರಿಸಿದ್ದ ಆ ಹುಬ್ಬಿನ ಕಥೆಯವನು. "ಅನ್ಯಾಯ ಆಗಿದ್ದು ತಾಯಿಗೋ, ಮಗಳಿಗೋ?" ಎಂದು ಕೇಳಿದ. "ಮಗಳಿಗಲ್ವಾ? ಹಾಗಾದ್ರೆ ಹೂಂ ಅನ್ನಬೇಕಾದವಳು ಮಗಳು." ಕಥೆಯವರು ಹಿಗ್ಗಿಹೋದರು. ಇಷ್ಟು ಚಂದದ ಮಾತು ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ! ಯಜಮಾನನೂ ಒಪ್ಪಿದ. "ಕರ್ಕೊಂಡು ಬರ್ತೀನಿ. ನನ್ನಲ್ಲಿ ಇರೋರಿಗೆ ಹೂಂ ಬಿಟ್ಟು ಬೇರೆ ಮಾತೇ ಬರಲ್ಲ," ಎಂದ.

ಹುಡುಗಿಯನ್ನು ಕಟ್ಟೆಗೆ ತರಬೇಕಾದರೆ ಬಾಗಿಲು ತೆಗೆಯಬೇಕಾಗುತ್ತದೆ ಎನ್ನುವುದು ಯಾರಿಗೂ ವಿಚಿತ್ರವೆನ್ನಿಸಲಿಲ್ಲ. ಮರುದಿನ ಬೆಳಿಗ್ಗೆ ಯಜಮಾನ ಸೊಂಟದಿಂದ ಬೀಗದ ಕೈ ತೆಗೆದು ಬೀಗಕ್ಕೆ ಹಾಕಿ ತಿರುಗಿಸಿದ. ಅಷ್ಟೇ. ಬೀಗ ಕಿರುಗುಟ್ಟಿದ್ದು ಊರಿಗೆಲ್ಲ ಕೇಳಿಸಿತು. ಒಳಗೆ ಹೋಗುವವರಿಗಲ್ಲದೆ, ಹೊರಗೆ ಬರುವವರಿಗೆ ಅದು ಎಂದೂ ಹಾಗೆ ಕಿರುಗುಟ್ಟಿರಲಿಲ್ಲ.

ಮಗಳು ಬಂದಳು. ಕೂದಲಿಗೆಲ್ಲ ಹಿಟ್ಟು ಮೆತ್ತಿತ್ತು. ಬಿಸಿಲಿಗೆ ಕಣ್ಣು ಬಿಡಲಾಗದೆ ಕೈ ಅಡ್ಡ ಹಿಡಿದಿದ್ದಳು. ಚಾಪೆಯವಳು ಅವಳ ಕಡೆ ನುಗ್ಗಿದಾಗ ಕಥೆಯವರು ತಡೆದರು. ಕಥೆ ನಡೆಯುತ್ತಿದೆ, ಮುಗಿಯುವವರೆಗೂ ಮುಟ್ಟುವಂತಿಲ್ಲ, ಮುಗಿದರೆ ಆಯಿತಲ್ಲ ಎಂದರು. ಮುಗಿದರೆ ಮಗಳು ಎಲ್ಲಿಗೆ ಹೋಗುತ್ತಾಳೆಂದು ಅವಳಿಗೆ ಗೊತ್ತಿತ್ತು. ಮಗಳು ಹೋಗುವುದು ಕಣಜಕ್ಕೆ, ತನ್ನ ಮನೆಗೆ ಬರುವುದು ಎಲೆ.

"ರಾಜ ಕಬ್ಬಿಣದ ಬಾಗಿಲ ಮುಂದೆ ನಿಂತು ಕೈ ಎತ್ತಿದ," ಎಂದ ಹಿರಿಯ ಕಥೆಯವನು.

"ಹೂಂ," ಎಂದಳು ಹುಡುಗಿ, ತಲೆ ಎತ್ತದೆ.

"ಬಾಗಿಲು ತೆರೆಯಿತು."

"ಹೂಂ."

ಜನ ನಿಟ್ಟುಸಿರು ಬಿಟ್ಟರು. ಮಗಳೇ, ನನ್ನ ಕಡೆ ನೋಡೇ ಎಂದು ಕೂಗಬೇಕೆನ್ನಿಸಿತು ಚಾಪೆಯವಳಿಗೆ.

"ಹುಡುಗಿ ಹೊರಗೆ ಬಂದಳು. ತಾಯಿಯನ್ನು ಕಂಡಳು."

"ಹೂಂ."

"ರಾಜ ನಕ್ಕ. ಊರು ನಕ್ಕಿತು. ಇನ್ನು ಆ ಕಣಜದ ಒಳಗೆ ಯಾರೂ ಉಳಿಯಲಿಲ್ಲ."

ಅದು ಕೊನೆಯ ಮಾತು. ಕಣಜದ ದೂರಿನ ಕಥೆಗಳೆಲ್ಲ ಅದೇ ಮಾತಿನಿಂದ ಮುಗಿಯುತ್ತಿದ್ದವು. ಯಜಮಾನ ಆಗಲೇ ಏಳಲು ಪಂಚೆ ಸರಿಮಾಡಿಕೊಳ್ಳುತ್ತಿದ್ದ.

ಹುಡುಗಿ ಮೊದಲ ಸಲ ತಲೆ ಎತ್ತಿದಳು.

"ಊಹೂಂ," ಎಂದಳು.

ಆ ಕಟ್ಟೆಯ ಮೇಲೆ ಆ ದನಿ ಯಾರೂ ಕೇಳಿರಲಿಲ್ಲ. ಹಿರಿಯ ಕಥೆಯವನು ತನ್ನ ಕಿವಿಯನ್ನೇ ನಂಬದೆ, "ಯಾರೂ ಉಳಿಯಲಿಲ್ಲ ಮಗೂ," ಎಂದು ಮತ್ತೆ ಹೇಳಿದ.

"ಊಹೂಂ. ಇದಾರೆ." ಅವಳು ಜಗಳವಾಡುವ ದನಿಯಲ್ಲಿ ಹೇಳಲಿಲ್ಲ. ತಪ್ಪು ಹೇಳಿದವರನ್ನು ತಿದ್ದುವ ಹಾಗೆ ಹೇಳಿದಳು. "ಗಾಣದವರ ಮನೆ ಅಣ್ಣ ಇದಾನೆ. ಬಾಗಿಲೆತ್ತರ ಆಗಿದಾನೆ, ತಲೆ ಬಗ್ಗಿಸ್ಕೊಂಡೇ ಓಡಾಡ್ತಾನೆ. ಚೀಲ ಹೊಲಿಯೋ ಹತ್ರ ಇಬ್ರು ಅಕ್ಕಂದಿರಿದಾರೆ, ಅವರಿಗೆ ಈಗ ಕಣ್ಣು ಕಾಣಲ್ಲ. ಬೀಸೋ ಕಲ್ಲಿನ ಹತ್ರ ಒಬ್ರು ಮಾಮ ಇದಾರೆ. ತಲೆಯೆಲ್ಲ ಬೆಳ್ಳಗಾಗಿದೆ. ನನ್ನ ಮುಖ ನೋಡಿದ್ರೆ ಗುಬ್ಬಿ, ಗುಬ್ಬಿ ಅಂತಾರೆ. ನಾನು ಗುಬ್ಬಿ ಅಲ್ಲ ಅಂದ್ರೂ ಕೇಳಲ್ಲ."

ಚಾಪೆಯವಳಿಗೆ ಕಿವಿ ಗುಯ್ಯೆಂದಿತು. ಅಣ್ಣ ಬದುಕಿದ್ದ. ಅವ್ವ ದಿನವೂ ಬಡಿಸಿ ದಿನವೂ ಹಸುವಿಗೆ ಹಾಕುತ್ತಿದ್ದಾಗ, ಯಾಕೋ ಸರಿಯಾಗಿ ಉಣ್ಣಲಿಲ್ಲ ಎಂದು ಕೊರಗುತ್ತಿದ್ದಾಗ, ಅಣ್ಣ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಹಿಟ್ಟು ಬೀಸುತ್ತಿದ್ದ. ಯಾರೂ ಕೂಗಲಿಲ್ಲ. ಯಾಕೆ ಕೂಗುತ್ತಾರೆ, ಅವನು ಮನೆಗೆ ಬಂದಾಗಿತ್ತಲ್ಲ! ಇಷ್ಟು ವರ್ಷ ಎಲ್ಲಿಡಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಸಿಟ್ಟಿಗೆ ಈಗ ಜಾಗ ಸಿಕ್ಕಿತು.

"ಹೂಂ ಬೀಳಲಿಲ್ಲ," ಎಂದ ಹಿರಿಯ ಕಥೆಯವನು. "ಕಥೆ ಮುಗಿಯದೆ ಹುಡುಗಿ ಹೊರಗಿರೋ ಹಾಗಿಲ್ಲ. ಯಜಮಾನ್ರೇ, ಸದ್ಯಕ್ಕೆ ಒಳಗೆ ಕರ್ಕೊಂಡು ಹೋಗಿ."

ಯಜಮಾನ ಹುಡುಗಿಯ ತೋಳಿಗೆ ಕೈ ಹಾಕಿದ. ಚಾಪೆಯವಳು ಅವನ ಸೊಂಟಕ್ಕೆ ಕೈ ಹಾಕಿದಳು. ಜೊಂಡು ಎಳೆದು ಎಳೆದು ಬಲಿತ ಕೈ ಅದು. ಒಂದೇ ಎಳೆತಕ್ಕೆ ಉಡಿದಾರ ಕಿತ್ತು ಬೀಗದ ಕೈ ಅವಳ ಮುಷ್ಟಿಗೆ ಬಂತು. ಯಜಮಾನ ಜಾರುವ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹಿಡೀರಿ ಅವಳನ್ನ!" ಎಂದು ಕೂಗಿದ. ಜೀವನದಲ್ಲಿ ಮೊದಲ ಸಲ ದನಿ ಎತ್ತಿದ್ದರಿಂದ ಅದು ಕೀರಲಾಗಿ ಹೊರಟಿತು.

ಯಾರೂ ಹಿಡಿಯಲಿಲ್ಲ. ಜನರ ನಡುವೆ ಗಾಣದವಳು ಎದ್ದು ನಿಂತಿದ್ದಳು. ಬಾಗಿಲೆತ್ತರ, ಬಾಗಿಲೆತ್ತರ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ, ಕೈಯನ್ನು ತಲೆಯ ಮೇಲೆ ಎತ್ತಿ ಮಗನ ಎತ್ತರ ಅಳೆಯುತ್ತಿದ್ದಳು. ಆಮೇಲೆ ಕಟ್ಟೆಯ ಹತ್ತಿರ ಬಂದು ಹಿರಿಯ ಕಥೆಯವನ ಮುಂದೆ ಕೈ ಒಡ್ಡಿದಳು.

"ನನ್ನ ಹೂಂ ವಾಪಸ್ ಕೊಡಿ."

"ಕೊಟ್ಟ ಹೂಂ ವಾಪಸ್ ಕೊಡೋಕೆ ಬರಲ್ಲಮ್ಮ..."

"ಕೊಡಿ ಅಂದೆ!" ಎಂದು ಅವಳು ಕಿರುಚಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು, ಒಬ್ಬ ಮುದುಕ ಎದ್ದ, ಎಲೆ ಬೀಳುವ ಮನೆಗಳವರೆಲ್ಲ ಒಬ್ಬೊಬ್ಬರಾಗಿ ಎದ್ದರು.

ಚಾಪೆಯವಳು ಅದನ್ನು ನೋಡುತ್ತಾ ನಿಲ್ಲಲಿಲ್ಲ. ಕಟ್ಟೆ ಹತ್ತಿ, ರಾಜನಿಗೆ ಹಾಸಿದ್ದ ಚಾಪೆಯನ್ನು ಸರಸರನೆ ಸುತ್ತಿ ಕಂಕುಳಿಗೆ ಸೇರಿಸಿದಳು.

"ಅಯ್ಯೋ, ಅದು ರಾಜನದು!" ಎಂದ ಹಿರಿಯ ಕಥೆಯವನು. "ರಾಜ ಎಲ್ಲಿ ಕೂರಬೇಕು?"

"ನಿಂತಿರ್ಲಿ. ನಮ್ಮಣ್ಣನಿಗೆ ಮಲಗೋಕೆ ಬೇಕು."

ಒಂದು ಕೈಯಲ್ಲಿ ಮಗಳನ್ನು ಹಿಡಿದು, ಇನ್ನೊಂದರಲ್ಲಿ ಬೀಗದ ಕೈ ಹಿಡಿದು ಅವಳು ಕಣಜದ ಕಡೆ ನಡೆದಳು. ಎಲೆ ಹಾಕುವ ಹೆಂಗಸರು ಹಿಂದೆ ಬಂದರು. ಕಟ್ಟೆಯಿಂದ ಕಣಜಕ್ಕೆ ಏನು ಮಹಾ ದೂರ! ಇಷ್ಟು ಹತ್ತಿರವಿತ್ತೇ ಎಂದು ಅವರಿಗೆ ನಾಚಿಕೆಯಾಗುವಷ್ಟು ಹತ್ತಿರ. ಯಜಮಾನ ಹುಡುಗಿಯನ್ನು ಹೊರತಂದ ಮೇಲೆ ಬಾಗಿಲಿಗೆ ಮತ್ತೆ ಬೀಗ ಹಾಕಿದ್ದ. ಚಾಪೆಯವಳು ಬೀಗದ ಕೈ ಹಾಕಿ ತಿರುಗಿಸಿದಳು. ಬೀಗ ಕಿರುಗುಟ್ಟಿತು. ಕಬ್ಬಿಣದ ಬಾಗಿಲಿಗೆ ಭುಜ ಕೊಟ್ಟು ನೂಕಿದಳು. ಒಳಗಿನ ಕತ್ತಲಿನಿಂದ ಹಿಟ್ಟಿನ ವಾಸನೆ ಬಂತು, ಬೀಸುವ ಕಲ್ಲಿನ ಸದ್ದು ಬಂತು.

ಹಿಂದೆ ಕಟ್ಟೆಯ ಮೇಲೆ ಒಬ್ಬನೇ ಉಳಿದಿದ್ದ ಹಿರಿಯ ಕಥೆಯವನಿಗೆ ಹಳೆಯ ಅಭ್ಯಾಸ ತಡೆಯಲಾಗಲಿಲ್ಲ.

"ಬಾಗಿಲು ತೆರೆಯಿತು!" ಎಂದು ಕೂಗಿ, ಹೂಂಗಾಗಿ ಕಾದ.

"ತಾನಾಗಿ ತೆರೀಲಿಲ್ಲ ಸ್ವಾಮಿ," ಎಂದಳು ಚಾಪೆಯವಳು, ತಿರುಗಿಯೂ ನೋಡದೆ. "ನಾನು ತೆಗೆದೆ."

ಚಾಪೆಯನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು, ಬೀಸುವ ಕಲ್ಲಿನ ಸದ್ದಿನ ಕಡೆಗೆ ನಡೆದಳು.